ಬುಗುರಿ ಬೀಳಲಿ, ಬಂದೆ

"ಆಂಟಿ, ಅಂಕಲ್ ಕಿವಿ ಒಂದು ಸಲವಾದರೂ ನೀಲಿಯಾಗಿದೆಯಾ?" ಅಂತ ಕೇಳಿದಳು ಆ ಹುಡುಗಿ. ಅದೂ ಎಷ್ಟು ಮೆತ್ತಗೆ, ಎಷ್ಟು ಮರ್ಯಾದೆಯಿಂದ! ಕಾಲಿನ ಬಾವು ಇನ್ನೂ ಇಳಿದಿರಲಿಲ್ಲ, ಕುಂಟಿಕೊಂಡು ಅವಳ ಆಫೀಸಿನ ತನಕ ಹೋಗಿದ್ದೆ, ನನ್ನ ಗಂಡನನ್ನ ನನಗೆ ವಾಪಸ್ ಕೊಡಿ ಅಂತ ಕೇಳೋದಕ್ಕೆ. ಅದಕ್ಕೆ ಸಿಕ್ಕಿದ ಉತ್ತರ ಈ ಪ್ರಶ್ನೆ. ಆವತ್ತು ಹತ್ತಿದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಯೋದೂ ಬೇಡ ಬಿಡಿ. ನೀವೇ ಕೂತು ಕೇಳಿ, ನ್ಯಾಯ ಯಾರ ಕಡೆಗಿದೆ ಅಂತ ನೀವೇ ಹೇಳಿ.

ನಮ್ಮೂರಲ್ಲಿ ಬೇಜಾರಾದರೆ ಕಿವಿ ನೀಲಿಯಾಗುತ್ತೆ. ಯಾಕೆ ಅಂತ ಕೇಳಬೇಡಿ. ನಿಮ್ಮೂರಲ್ಲಿ ನಾಚಿಕೆಯಾದರೆ ಕೆನ್ನೆ ಯಾಕೆ ಕೆಂಪಾಗುತ್ತೆ ಅಂತ ನಾನೇನಾದರೂ ಕೇಳಿದ್ದೀನಾ? ಮೊದಲು ಕಿವಿಯ ಅಂಚು, ಆಮೇಲೆ ಹಾಲೆ, ಆಮೇಲೂ ಬಿಡದಿದ್ದರೆ ಇಡೀ ಕಿವಿ ನೇರಳೆ ಹಣ್ಣಿನ ಹಾಗೆ. ಬೇಜಾರು ಕಳೆದರೆ ತಾನಾಗೇ ಇಳಿಯುತ್ತೆ. ಅದಕ್ಕೆ ತಕ್ಕ ಹಾಗೆ ಊರಿಗೊಂದು ಕಟ್ಟಳೆ. ಏನೇ ನಡೀತಿರಲಿ, ಭಾಷಣವೋ, ಪಾಠವೋ, ಪಂಚಾಯ್ತಿಯೋ, ಅಲ್ಲಿದ್ದವರ ಕಿವಿ ನೀಲಿಯಾದರೆ ಅಲ್ಲಿಗೆ ನಿಲ್ಲಿಸಬೇಕು. ನೀಲಿಯಾಗೋ ತನಕ ಯಾರೂ ನಿಲ್ಲಿಸೋ ಹಾಗಿಲ್ಲ. ಒಂದು ಸಲ ಪರವೂರಿನ ಬಳೆಗಾರನೊಬ್ಬ ಸಂತೆ ಬೀದಿಯಲ್ಲಿ ನಿಂತು ತನ್ನ ಅತ್ತೆಯ ಕಥೆ ಹೇಳೋಕೆ ಶುರು ಮಾಡಿದ. ಅವನಮ್ಮನ, ಅದೇನು ಹೇಳಿದ ಅಂತೀರಿ! ಒಬ್ಬರ ಕಿವಿಯೂ ನೀಲಿಯಾಗಲಿಲ್ಲ. ಆವತ್ತು ಸಂತೆಯೇ ನಡೆಯಲಿಲ್ಲ, ತಂದ ಸೊಪ್ಪೆಲ್ಲ ಬುಟ್ಟಿಯಲ್ಲೇ ಬಾಡಿಹೋಯಿತು, ಯಾರೂ ಅವನನ್ನ ಬೈಯಲಿಲ್ಲ. ನಾವು ಅಂಥ ಜನ. ಬೇಜಾರಾಗದೆ ಇದ್ದರೆ ಅದು ಒಳ್ಳೇದೇ ಅಂತ ನಂಬಿದ್ದವರು.

ನಮ್ಮನೆಯವರ ಹೆಸರು ಶ್ರೀಕಂಠಯ್ಯ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ರಿಟೈರಾದವರು. ಅವರ ಕಿವಿ ಅಂದರೆ ಊರಿಗೇ ಹೆಸರುವಾಸಿ. ಬೇರೆಯವರಿಗೆ ಅಂಚು ತಿರುಗೋ ಹೊತ್ತಿಗೆ ಇವರದು ಹಾಲೆಯ ತನಕ ಬಂದಿರ್ತಿತ್ತು. ಸಭೆ ಸಮಾರಂಭದಲ್ಲಿ ಇಂಥ ಕಿವಿಯವರನ್ನ ಮುಂದಿನ ಬೆಂಚಿನಲ್ಲಿ ಕೂರಿಸೋದು ನಮ್ಮಲ್ಲಿ ಪದ್ಧತಿ, ಮಾತಾಡೋರ ಕಣ್ಣಿಗೆ ಬೀಳಲಿ ಅಂತ. ಇವರು ಬಂದು ಮುಂದೆ ಕೂತರೆ ಸಾಕು, ಎಂಥ ಎಂಥ ಘಟಾನುಘಟಿಗಳೂ ಜೇಬಿಂದ ತೆಗೆದ ಹಾಳೆಗಳಲ್ಲಿ ಅರ್ಧ ಮಡಚಿ ವಾಪಸ್ ಇಡೋರು. ಮದುವೆ ಮನೆಯವರು ನಮಗೆ ಪತ್ರಿಕೆ ಕೊಡೋಕೆ ಬಂದಾಗ "ಮೇಷ್ಟ್ರೇ, ಬೀಗರ ಕಡೆಯವರ ಭಾಷಣ ಇದೆ, ತಪ್ಪಿಸಬೇಡಿ" ಅಂತ ಕಣ್ಣು ಮಿಟುಕಿಸಿ ಹೋಗೋರು.

ಮನೆಯೊಳಗಿನ ಲೆಕ್ಕ ಬೇರೆ. ಗಂಡ ಹೆಂಡತಿ ಅತ್ತೆ ಸೊಸೆ ಮಧ್ಯೆ ನೀಲಿ ಕಿವಿ ತೋರಿಸೋದು ಅಂದರೆ ಎದುರಿಗಿರೋರ ಮುಖದ ಮೇಲೆ ಹೊಡೆದ ಹಾಗೆ. ಮರ್ಯಾದಸ್ಥರ ಮನೆಯಲ್ಲಿ ಸೆರಗು ಎಳೆದುಕೊಂಡು ಅಡುಗೆಮನೆಗೆ ಹೋಗಿಬಿಡ್ತಾರೆ, ಇಳಿದ ಮೇಲೆ ಈಚೆ ಬರ್ತಾರೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಹಾಗೇ ಮಾಡಿದೆ. ಇವರು ಹಿಂದೆಯೇ ಅಡುಗೆಮನೆಗೆ ಬಂದು, ಸೆರಗು ಸರಿಸಿ ನೋಡಿ, "ಓಹೋ, ಆಕಾಶದ ನೀಲಿ. ಇನ್ನೂ ಪರವಾಗಿಲ್ಲ. ನಡಿ, ಸೊಪ್ಪು ತರೋಣ" ಅಂದರು. ಅವತ್ತಿಂದ ನಮ್ಮಿಬ್ಬರದು ಒಂದು ಒಪ್ಪಂದ. ಯಾರ ಕಿವಿ ನೀಲಿಯಾದರೂ ಮುಚ್ಚೋ ಹಾಗಿಲ್ಲ, ಇನ್ನೊಬ್ಬರು ಸಿಟ್ಟಾಗೋ ಹಾಗಿಲ್ಲ, ಕೈಯಲ್ಲಿದ್ದ ಕೆಲಸ ಬಿಟ್ಟು ಇಬ್ಬರೂ ಎದ್ದು ಸೊಪ್ಪು ತರೋದು. ಮನೆಯಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ ರಾಶಿ ಬಿದ್ದಿರ್ತಿತ್ತು. ಅಕ್ಕಪಕ್ಕದವರಿಗೆ ಕೊಟ್ಟು ಕೊಟ್ಟು ಸಾಕಾಗ್ತಿತ್ತು. ನಮ್ಮ ಸಂಸಾರ ನಡೆದಿದ್ದೇ ಆ ಸೊಪ್ಪಿನಿಂದ ಅಂದರೂ ತಪ್ಪಿಲ್ಲ.

ಹೀಗಿರುವಾಗ ಹಳೇ ಎಣ್ಣೆ ಗಾಣದ ಕಟ್ಟಡಕ್ಕೆ ಆಟದ ಕಂಪನಿಯವರು ಬಂದರು. ಫೋನಿನಲ್ಲಿ ಆಡೋ ಆಟ ಮಾಡೋರು. ಇಷ್ಟು ದೊಡ್ಡ ಪ್ರಪಂಚ ಬಿಟ್ಟು ನಮ್ಮೂರಿಗೇ ಯಾಕೆ ಬಂದರು ಅಂತ ಆಗ ಯಾರಿಗೂ ಹೊಳೆಯಲಿಲ್ಲ ನೋಡಿ. ಬೇರೆ ಊರಲ್ಲಿ ಆಡೋರಿಗೆ ಎಲ್ಲಿ ಬೇಜಾರಾಯಿತು ಅಂತ ಕೇಳಬೇಕು, ಕೇಳಿದರೆ ಜನ ಸುಳ್ಳು ಹೇಳ್ತಾರೆ. ನಮ್ಮೂರಲ್ಲಿ ಕೇಳೋದೇ ಬೇಡ, ಕಿವಿ ನೋಡಿದರೆ ಆಯಿತು! ಇಂಚರ ಅಂತ ಒಬ್ಬಳು ಹುಡುಗಿ, ಅಲ್ಲಿ ಅವಳದೇ ಮುಂದಾಳ್ತನ, ಸೀದಾ ನಮ್ಮ ಮನೆಗೆ ಬಂದು ನಮ್ಮನೆಯವರ ಕಾಲಿಗೆ ನಮಸ್ಕಾರ ಮಾಡಿ, "ಅಂಕಲ್, ನಿಮ್ಮ ಕಿವಿ ನಮಗೆ ಬೇಕು" ಅಂದಳು. ಇವರು ಉಬ್ಬಿ ಹೋದರು. ಮೇಷ್ಟ್ರ ಕೆಲಸದಲ್ಲಿ ಇದ್ದಷ್ಟು ದಿನ ಇವರ ಡ್ರಾಯಿಂಗ್ ಯಾರೂ ಕೇಳಿರಲಿಲ್ಲ, ಪಾಪ.

ದಿನಾ ಬೆಳಗ್ಗೆ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಹೋಗೋರು. ಅಲ್ಲಿ ಕುರ್ಚಿಯ ಮೇಲೆ ಕೂರಿಸಿ, ಕಿವಿಯ ಎರಡೂ ಪಕ್ಕ ಬಿಳಿ ದೀಪ ಇಟ್ಟು, ಕೈಗೆ ಫೋನ್ ಕೊಟ್ಟು ಆಡಿ ಅನ್ನೋರಂತೆ. ಆಟದ ಹೆಸರು ಬುಗುರಿ ಬೀದಿ. ಒಂದು ಬುಗುರಿ ಬೀದಿಯುದ್ದಕ್ಕೂ ತಿರುಗ್ತಾ ಹೋಗುತ್ತೆ, ವಾಲೋ ಹಾಗಾದಾಗ ಬೆರಳಿಂದ ಒಂದು ಏಟು ಕೊಡಬೇಕು, ಅಷ್ಟೇ. ಇವರು ಆಡ್ತಾ ಇದ್ದರೆ ಹಿಂದೆ ನಿಂತವರು ಕಿವಿಯನ್ನೇ ನೋಡೋರು. ಅಂಚು ಒಂಚೂರು ಬಣ್ಣ ತಿರುಗಿತೋ, ನಿಲ್ಲಿಸಿ ನಿಲ್ಲಿಸಿ ಅಂತ ಓಡಿ ಬಂದು, ಆಟದಲ್ಲಿ ಆ ಜಾಗಕ್ಕೆ ಏನಾದರೊಂದು ತುರುಕೋರು. ಸಾಯಂಕಾಲ ಕಾಫಿ ಕುಡೀತಾ ಎಲ್ಲ ನನಗೆ ಹೇಳೋರು, ಅದೇನು ಹುಮ್ಮಸ್ಸು!

"ಇವತ್ತು ಬೀದಿಯ ಏರಿನಲ್ಲಿ ಕಿವಿ ತಿರುಗಿತು ಕಣೇ. ಅಲ್ಲಿ ಒಂದು ಮಡಿಕೆ ಇಟ್ಟರು. ಬುಗುರಿ ಬಡಿದರೆ ಒಡೆದು ನಾಣ್ಯ ಬೀಳುತ್ತೆ. ಪ್ರತಿ ಸಲ ಬಿದ್ದರೆ ಮತ್ತೆ ಬೇಜಾರು. ಅದಕ್ಕೆ ಒಂದು ಸಲ ನಾಣ್ಯ, ನಾಲ್ಕು ಸಲ ಖಾಲಿ, ಯಾವಾಗ ಅಂತ ಗೊತ್ತಾಗೋದೇ ಇಲ್ಲ. ಆಮೇಲೆ ಕಿವಿ ಅಲ್ಲಾಡಲಿಲ್ಲ ನೋಡು!" ಇನ್ನೊಂದು ದಿನ, ಸೋತು ಸೋತು ಸಾಕಾಗಿ ಕಿವಿ ತಿರುಗಿತಂತೆ. ಹಾಗಾಗಿ ಬುಗುರಿ ಬಾಗಿಲ ಹೊಸಿಲ ಹತ್ತಿರಕ್ಕೆ ಬಂದು, ಇನ್ನೊಂದು ಬೆರಳು ಮುಂದೆ ಹೋಗಿದ್ದರೆ ಗೆದ್ದೇ ಬಿಡ್ತಿದ್ದೆ ಅನ್ನೋ ಹಾಗೆ ಬೀಳೋದನ್ನ ಸೇರಿಸಿದರು. "ಸೋತಿದ್ದೇ ಗೊತ್ತಾಗಲ್ಲ ಕಣೇ, ಗೆಲುವು ತಪ್ಪಿತು ಅನ್ಸುತ್ತೆ." ಮತ್ತೊಂದು ದಿನ, ಮನೆಗೆ ಬಂದ ಇವರಿಗೆ ಮಾರನೇ ದಿನ ಅಲ್ಲಿಗೆ ಹೋಗೋ ಮನಸ್ಸಾಗಲಿಲ್ಲ. ಅದಕ್ಕೊಂದು ಹೂಮಾಲೆ ಬಂತು. ದಿನಾ ಆಡಿದರೆ ದಿನಕ್ಕೊಂದು ಹೂವು ಸೇರುತ್ತೆ, ಒಂದು ದಿನ ತಪ್ಪಿಸಿದರೆ ಇಡೀ ಮಾಲೆ ಬಾಡಿ ಉದುರುತ್ತೆ. ಅಲ್ಲ, ಬಾಡದ ಹೂವನ್ನ ಕೈಯಾರೆ ಬಾಡಿಸೋ ಬುದ್ಧಿ ಯಾರಿಗಾದರೂ ಬರುತ್ತಾ ಹೇಳಿ?

ಮೊದಲು ಆ ಆಟಕ್ಕೊಂದು ಕೊನೆ ಇತ್ತು. ಬೀದಿಯ ಕೊನೆಗೆ ಒಂದು ಬಾವಿಕಟ್ಟೆ. ಬುಗುರಿ ಅಲ್ಲಿಗೆ ಹೋಗಿ ನಿಂತರೆ ಸುತ್ತ ಮಕ್ಕಳು ಚಪ್ಪಾಳೆ ತಟ್ಟೋರು, ಮುಗೀತು. ಆ ಮಕ್ಕಳ ಚಿತ್ರ ಬರೆದುಕೊಟ್ಟಿದ್ದು ನಮ್ಮನೆಯವರೇ. ಆದರೆ ಚಪ್ಪಾಳೆ ಮುಗಿದ ಮೇಲೆ ಸುಮ್ಮನೆ ಕೂತಾಗ ಕಿವಿ ನಿಧಾನಕ್ಕೆ ನೀಲಿಯಾಯಿತಂತೆ. ಮಾರನೇ ದಿನ ಹೋಗಿ ನೋಡಿದರೆ ಬಾವಿಕಟ್ಟೆಯೇ ಇಲ್ಲ. ಬೀದಿ ತಿರುಗಿ ಮೊದಲಿನ ಜಾಗಕ್ಕೇ ಬಂದು ಸೇರುತ್ತೆ.

"ಮತ್ತೆ ಎದ್ದು ಬರೋದು ಯಾವಾಗ ರೀ?" ಅಂದೆ.

"ಕಿವಿ ನೀಲಿಯಾದಾಗ."

"ಅದನ್ನೂ ಅವರು ಕಿತ್ತು ಹಾಕಿದ್ದಾರಲ್ಲ?"

ಇವರು ಲೋಟ ಬಗ್ಗಿಸಿ ತಳದ ಕಾಫಿ ಕುಡಿದರು.

ಆಟ ತಯಾರಾಯಿತು. ಊರಿಗೆಲ್ಲ ಬಂತು. ಇವರ ಕೆಲಸ ಮುಗೀತು ಅಂತ ಶಾಲು ಹೊದಿಸಿ, ಒಂದು ಹೊಸ ಫೋನ್ ಕೈಗಿಟ್ಟು ಕಳಿಸಿಕೊಟ್ಟರು. ಇವರು ಮನೆಗೆ ಬಂದು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಫೋನ್ ತೆರೆದರು. ಅಲ್ಲಿಂದ ಎದ್ದರೆ ಕೇಳಿ! ಊರಿನವರೂ ಆಡ್ತಿದ್ದರು, ಇಲ್ಲ ಅನ್ನಲ್ಲ, ಅಂಗಡಿಯವರು ತಕ್ಕಡಿ ಹಿಡಿದುಕೊಂಡೇ ಆಡೋರು. ಆದರೂ ಅವರಿಗೆ ಎಲ್ಲೋ ಒಂದು ಕಡೆ ಅಂಚು ತಿರುಗ್ತಿತ್ತು, ಎದ್ದು ನೀರು ಕುಡಿದು ಬರೋರು. ಇವರಿಗೆ ಅದೂ ಇಲ್ಲ. ಇವರ ಕಿವಿಯಿಂದಲೇ ಅಳತೆ ತೆಗೆದು ಹೊಲಿದ ಆಟ ಅಲ್ಲವಾ, ಎಲ್ಲೂ ಸಡಿಲ ಇರಲಿಲ್ಲ. ಊಟ ಕುರ್ಚಿಯಲ್ಲೇ. ಸಭೆಗೆ ಕರೆಯೋಕೆ ಬಂದವರು ಬಾಗಿಲಲ್ಲಿ ನಿಂತು ನೋಡಿ ಹೋದರು. ಮುಂದಿನ ಬೆಂಚು ಖಾಲಿ ಬಿತ್ತು, ಭಾಷಣಗಳು ಉದ್ದವಾದವು. ನಾನು ಏನು ಕೇಳಿದರೂ ಒಂದೇ ಮಾತು, "ಬಂದೆ, ಬುಗುರಿ ಬೀಳಲಿ." ಬಿದ್ದರೆ ತಾನೆ!

ಹಪ್ಪಳದ ಕಾಲ. ನಾನು ಹಪ್ಪಳ ಮಾಡಿ ಅಂಗಡಿಗಳಿಗೆ ಕೊಡೋಳು. ಪ್ರತಿ ವರ್ಷ ಮಹಡಿಯ ಮೇಲೆ ಕಾಗೆ ಕಾಯೋದು ಇವರ ಕೆಲಸ. ಕೋಲು ಹಿಡಿದು, ತಲೆ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಕೂರೋರು, ಕಿವಿ ಕಡು ನೀಲಿಯಾಗಿರ್ತಿತ್ತು, ಆದರೂ ಎದ್ದು ಬರ್ತಿರಲಿಲ್ಲ. "ನಾನು ಬಂದರೆ ಕಾಗೆಗೆ ಹಬ್ಬ" ಅನ್ನೋರು. ಈ ವರ್ಷ ನಾನೇ ಹತ್ತಿದೆ. ಇಳಿಯೋವಾಗ ಏಣಿ ಜಾರಿತು. ಬಿದ್ದ ಏಟಿಗೆ ಪಾದ ತಿರುಗಿ ಕೂತುಬಿಡ್ತು, ಕಣ್ಣು ಕತ್ತಲೆ ಬಂತು. "ರೀ" ಅಂತ ಕೂಗಿದೆ. ಕಿಟಕಿಯ ಒಳಗಿಂದ ಕೇಳಿಸಿತು, ಎಷ್ಟು ಪ್ರೀತಿಯ ದನಿ ಅಂತೀರಿ, "ಬಂದೆ ಕಣೇ, ಬುಗುರಿ ಬೀಳಲಿ." ಮತ್ತೆ ಕೂಗಿದೆ. ಮತ್ತೆ ಅದೇ. ನಾನು ಹಿತ್ತಲಲ್ಲಿ, ಅವರು ಕಿಟಕಿಯ ಆ ಕಡೆ, ಮಧ್ಯೆ ಒಂದು ಗೋಡೆ. ಕೊನೆಗೆ ಪಕ್ಕದ ಮನೆಯ ಜಯಶೀಲಮ್ಮ ಬಂದು ಎತ್ತಿದಳು. ಮೇಲೆ ಹಪ್ಪಳವನ್ನೆಲ್ಲ ಕಾಗೆಗಳು ತಿಂದು ಹೋಗಿದ್ದವು. ನೋವಿಗೆ ಅಳಲಿಲ್ಲ ನಾನು, ಆ "ಬಂದೆ ಕಣೇ" ಅನ್ನೋ ದನಿಗೆ ಅತ್ತೆ.

ಹಾಗೆ ಕುಂಟಿಕೊಂಡು ಹೋದಾಗಲೇ ಇಂಚರ ಆ ಪ್ರಶ್ನೆ ಕೇಳಿದ್ದು. "ನೀಲಿಯಾಗಿದ್ದರೆ ನಾವೇ ನಿಲ್ಲಿಸ್ತಿದ್ವಿ ಆಂಟಿ. ನಿಮ್ಮೂರಿನ ಕಟ್ಟಳೆ ನಮಗೂ ಗೊತ್ತು. ಅಂಕಲ್ ಖುಷಿಯಾಗಿದ್ದಾರೆ, ಅಲ್ವಾ?" ಅಂದಳು.

"ಖುಷಿಯಾಗಿದ್ದಾರೋ ಇಲ್ಲವೋ ಅವರ ಮುಖ ನೋಡಿದ್ದೀಯೇನೇ ಒಂದು ದಿನ? ಬರೀ ಕಿವಿ ನೋಡಿದ್ದೀರಿ" ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಕುಡಿಯೋಕೆ ಮಜ್ಜಿಗೆ ತರಿಸಿಕೊಟ್ಟಳು. ಕಟ್ಟಳೆ ಅವಳ ಕಡೆಗಿತ್ತು. ನಮ್ಮ ಅಜ್ಜ ಮುತ್ತಜ್ಜಂದಿರು ಮಾಡಿದ ಕಟ್ಟಳೆ ಈ ನಿನ್ನೆ ಮೊನ್ನೆಯ ಹುಡುಗಿಯ ಕಡೆಗೆ! ಮಜ್ಜಿಗೆ ಮುಟ್ಟದೆ ಎದ್ದು ಬಂದೆ.

ದಾರಿಯಲ್ಲಿ ಜಯಶೀಲಮ್ಮ ಸಿಕ್ಕಿದಳು. ಉರಿಬಿಸಿಲಲ್ಲಿ ತಲೆಗೆ ಮಫ್ಲರ್ ಸುತ್ತಿದ್ದಳು. "ಇದೇನೇ ಅವತಾರ?" ಅಂದೆ. "ಶೀತ" ಅಂದಳು. ನಾನು ನಂಬಲಿಲ್ಲ, ಎಳೆದೆ. ಅಯ್ಯೋ ಶಿವನೇ, ಕಿವಿ ಎರಡೂ ಶಾಯಿಯಲ್ಲಿ ಅದ್ದಿದ ಹಾಗೆ! ಅವಳ ಮಗ ಸೊಸೆ ಇಬ್ಬರೂ ಆಡ್ತಾರೆ. ಊಟಕ್ಕೆ ಬಡಿಸಿಟ್ಟು ಅವರಿಗಾಗಿ ಕಾಯ್ತಾ ಕಾಯ್ತಾ ಹೀಗಾಯಿತಂತೆ. "ಯಾರಿಗೂ ಹೇಳಬೇಡ್ರೀ, ಮನೆ ಮರ್ಯಾದೆ" ಅಂದಳು. ಆಗ ನಾನು ನನ್ನ ಸೆರಗು ತೆಗೆದೆ. ಹೌದು, ನನ್ನದೂ ಹಾಗೇ ಆಗಿತ್ತು, ಅಷ್ಟು ದಿನದಿಂದ ಮುಚ್ಚಿಕೊಂಡೇ ಓಡಾಡ್ತಿದ್ದೆ. ಮುಚ್ಚೋದಿಲ್ಲ ಅಂತ ಒಪ್ಪಂದ ಇತ್ತು, ನಿಜ. ಆದರೆ ಅವರಿಗೆ ಬೇಜಾರೇ ಇಲ್ಲ, ನನಗೆ ಮಾತ್ರ ಬೇಜಾರು ಅಂದರೆ ನಾಚಿಕೆಯಾಗಲ್ವಾ? ಬೀದಿಯಲ್ಲಿ ಸುತ್ತ ನೋಡಿದೆವು. ಮಫ್ಲರು, ಸೆರಗು, ಮಂಕಿ ಟೋಪಿ. ಗಂಡಸರು ಹೆಂಗಸರು ಎಲ್ಲ ಕಾಯೋರೇ. ಊರಲ್ಲಿ ಅರ್ಧ ಜನರ ಕಿವಿ ಮುಚ್ಚಿತ್ತು, ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ.

"ಕಟ್ಟಳೆ ಏನು ಹೇಳುತ್ತೆ ಜಯಶೀಲ?" ಅಂದೆ. "ಆಡೋರ ಕಿವಿ ಅಂತ ಎಲ್ಲಾದರೂ ಹೇಳಿದೆಯಾ? ಅಲ್ಲಿದ್ದವರ ಕಿವಿ ಅಂತ ತಾನೆ? ನಾವು ಅಲ್ಲೇ ಇದ್ದೀವಲ್ಲ!"

ಮಾರನೇ ದಿನ ಹೊರಟಿತು ನೋಡಿ ನಮ್ಮ ದಂಡು. ಎಣ್ಣೆ ಗಾಣದ ಮುಂದೆ ಜಾಗ ಸಾಲಲಿಲ್ಲ. ಇಂಚರ ಬಾಗಿಲಿಗೆ ಬಂದಳು. "ನೀಲಿ ಕಿವಿ ಕೇಳಿದೆಯಲ್ಲ ಮಗಳೇ, ತಗೋ" ಅಂದೆ. ಎಲ್ಲರೂ ಒಟ್ಟಿಗೆ ಮಫ್ಲರ್ ಬಿಚ್ಚಿದರು. ನಮ್ಮೂರಲ್ಲಿ ಅಷ್ಟು ನೀಲಿ ನಾನು ಯಾವತ್ತೂ ನೋಡಿರಲಿಲ್ಲ. ಹುಡುಗಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣು ತುಂಬಿ ಬಂತು ಅವಳಿಗೆ. ಅಬ್ಬಾ, ಗೆದ್ದೆವು ಅಂದುಕೊಂಡೆ.

"ಆಂಟಿ, ನಿಮ್ಮನ್ನ ನಾವು ಮರೆತೇಬಿಟ್ಟಿದ್ದೆವು, ಸಾರಿ" ಅಂದಳು. ಆಮೇಲೆ ಹಿಂದೆ ತಿರುಗಿ ಜೊತೆಯವರಿಗೆ, "ನೋಡ್ರೋ, ಕಾಯೋರು! ಕಾಯೋರಿಗೆ ಅಂತ ನಾವೇನೂ ಮಾಡೇ ಇಲ್ಲ!" ಅಂತ ಕೂಗಿದಳು. ಒಳಗಿಂದ ಕುರ್ಚಿ ಬಂತು, ಬಿಳಿ ದೀಪ ಬಂತು. "ಆರಾಮಾಗಿ ಕೂತುಕೊಳ್ಳಿ ಅಮ್ಮಾ. ನಿಮಗೇ ಅಂತ ಒಂದು ಆಟ ಮಾಡ್ತೀವಿ. ಆಡೋರ ಬುಗುರಿಗೆ ನೀವು ಪಕ್ಕದಿಂದ ದಾರ ಸುತ್ತಿಕೊಡೋದು. ಒಟ್ಟಿಗೆ ಇದ್ದ ಹಾಗೂ ಆಗುತ್ತೆ." ನಿಜವಾಗಲೂ ನಮಗೆ ಒಳ್ಳೇದು ಮಾಡ್ತಿದ್ದೀನಿ ಅಂತಲೇ ನಂಬಿದ್ದಳು ಆ ಹುಡುಗಿ, ಅದೇ ನನಗೆ ತಡೆಯೋಕೆ ಆಗದೆ ಇದ್ದದ್ದು.

ನನಗೆ ಎಲ್ಲಿತ್ತೋ ದನಿ. "ಥೂ ನಿಮ್ಮ! ನಾವು ನೋವಾಗಿದೆ ಅಂತ ತೋರಿಸೋಕೆ ಬಂದರೆ ಅಳತೆ ತೆಗೀತೀರಲ್ಲ, ಮನುಷ್ಯರೇನ್ರೋ ನೀವು? ನನ್ನ ಗಂಡ ಬೇಜಾರು ಮಾಡಿಕೊಂಡೇ ನನ್ನ ಹಪ್ಪಳ ಕಾದರು, ಗೊತ್ತಾ? ಕಿವಿ ಕಪ್ಪಾದರೂ ಎದ್ದು ಬರಲಿಲ್ಲ. ಆ ಬೇಜಾರು ನನ್ನದು. ನನಗೋಸ್ಕರ ಪಟ್ಟಿದ್ದು. ಅದನ್ನೂ ಕಿತ್ತುಕೊಂಡಿರಲ್ಲೋ! ಯಾರ ಕಿವಿ ನೋಡೋಕೆ ಯಾರು ನಿಮಗೆ ಹೇಳಿದ್ದು?" ಇನ್ನೂ ಏನೇನೋ ಬೈದೆ, ನಿಮ್ಮ ಮುಂದೆ ಹೇಳೋಕೆ ಆಗೋದಲ್ಲ. ಇಂಚರ ಹೆದರಿ ಹಿಂದೆ ಸರಿದಳು. ಬೈದು ತಿರುಗಿ ನೋಡಿದರೆ ಜಯಶೀಲಮ್ಮ ಕುರ್ಚಿಯಲ್ಲಿ ಕೂತಾಗಿತ್ತು. ದೀಪದ ಬೆಳಕಿಗೆ ಅವಳ ಕಿವಿಯ ನೀಲಿ ಆಗಲೇ ಇಳೀತಿತ್ತು. "ಸುಮ್ಮನೆ ಕೂತರೆ ಹಾಯಾಗಿದೆ ಕಣ್ರೀ" ಅಂದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಕಾದು ಕಾದು ಸುಸ್ತಾಗಿದ್ದಳು. ಕೆಲವರು ಕೂತರು, ಕೆಲವರು ನನ್ನ ಹಾಗೆ ಮನೆಗೆ ಹೊರಟರು.

ಮನೆಗೆ ಬಂದೆ. ಇವರು ಕಿಟಕಿ ಪಕ್ಕ ಅದೇ ಕುರ್ಚಿಯಲ್ಲಿ. ಮಧ್ಯಾಹ್ನದ ಬಿಸಿಲು ಇವರ ಕಿವಿಯ ಮೇಲೆ ಬಿದ್ದಿತ್ತು. ಮಗುವಿನ ಕಿವಿಯ ಹಾಗೆ ಕೆಂಪಗಿತ್ತು, ಒಂದು ಚುಕ್ಕೆ ನೀಲಿ ಇಲ್ಲ. ಮುಖ ನೋಡಿದೆ. ಗಡ್ಡ ಬೆಳೆದಿತ್ತು, ಕಣ್ಣು ಗುಳಿ ಬಿದ್ದಿತ್ತು, ಬಾಯಿ ಒಣಗಿತ್ತು. ಫೋನ್ ಕಿತ್ತು ಬಾವಿಗೆ ಎಸೆಯೋಣ ಅನ್ನಿಸಿತು. ಎಸೆದರೆ ಇನ್ನೊಂದು ಫೋನ್ ಬರುತ್ತೆ, ಅಷ್ಟೇ ತಾನೆ. ಬೈಯೋಕೆ ದನಿಯೂ ಉಳಿದಿರಲಿಲ್ಲ.

ಕುರ್ಚಿಯ ಮುಂದೆ ನೆಲದ ಮೇಲೆ ಕೂತೆ. ಸೆರಗು ಕೆಳಗೆ ಹಾಕಿದೆ. ತಲೆ ಓರೆ ಮಾಡಿ, ಅವರ ಅಂಗೈಯಲ್ಲಿದ್ದ ಫೋನಿನ ಮೇಲೆ ಕೆನ್ನೆ ಇಟ್ಟು ಮಲಗಿಬಿಟ್ಟೆ. ಒಂದು ಕಿವಿ ಕೆಳಗೆ, ಗಾಜಿನ ಮೇಲೆ. ಇನ್ನೊಂದು ಮೇಲೆ, ಅವರ ಕಣ್ಣಿನ ಕೆಳಗೆ. ಬುಗುರಿ ಗುಂಯ್ ಅಂತ ತಿರುಗೋದು ನನ್ನ ಕೆನ್ನೆಗೇ ತಾಗ್ತಿತ್ತು. ಅವರ ಬೆರಳು ನನ್ನ ಕೂದಲ ಮಧ್ಯೆ ತಡಕಾಡಿತು.

"ಬಂದೆ ಕಣೇ, ಬುಗು..." ಅಂದರು. ಅಲ್ಲಿಗೇ ನಿಂತಿತು.

ಎಷ್ಟು ಹೊತ್ತು ನೋಡಿದರೋ. ಬೆರಳು ನನ್ನ ಕಿವಿಯ ಅಂಚಿಗೆ ಬಂತು, ಅಲ್ಲಿಂದ ಹಾಲೆಗೆ. "ಇದೇನೇ ಇದು," ಅಂದರು, ಕ್ಲಾಸಿನಲ್ಲಿ ಹುಡುಗರ ಚಿತ್ರ ನೋಡೋ ದನಿಯಲ್ಲಿ, "ಇದು ಇವತ್ತು ಬಂದ ನೀಲಿ ಅಲ್ಲ. ಪದರ ಪದರ ಕೂತಿದೆ. ಯಾವಾಗಿನಿಂದ?"

"ನೀವು ಶಾಲು ಹೊದ್ದುಕೊಂಡು ಬಂದ ದಿನದಿಂದ."

ನನ್ನ ಕೆನ್ನೆಯ ಕೆಳಗೆ ಬುಗುರಿ ವಾಲಿತು, ಗಡಗಡ ಅಂತ ಉರುಳಿ ಬಿತ್ತು. ನಾನು ಕಿವಿಯಾರೆ ಕೇಳಿದೆ. ಕೂಡಲೇ ಗಂಟೆ ಬಾರಿಸೋಕೆ ಶುರುವಾಯಿತು, ಬನ್ನಿ ಬನ್ನಿ, ಮಾಲೆ ಬಾಡುತ್ತೆ ಅಂತ. ಇವರು ನನ್ನ ತಲೆ ಎತ್ತಿ, ಫೋನ್ ತೆಗೆದು ಕಿಟಕಿಯ ಮೇಲಿಟ್ಟರು. ಕೈ ಅಲ್ಲೇ ಒಂದು ಗಳಿಗೆ ನಿಂತಿತ್ತು. ಆಮೇಲೆ ವಾಪಸ್ ಬಂತು. ನನ್ನ ಪಾದ ನೋಡಿದರು. "ಬಾವು" ಅಂದರು. "ಹೂಂ" ಅಂದೆ. ಇಬ್ಬರಿಗೂ ಮುಂದೇನು ಅಂತ ತಿಳಿಯಲಿಲ್ಲ. ಗೋಡೆಯ ಮೇಲೆ ಹಲ್ಲಿ ಇತ್ತು, ಅದನ್ನ ನೋಡಿದೆವು. ಅದೂ ಅಲ್ಲಾಡಲಿಲ್ಲ. ಗಂಟೆ ಹೊಡೆದುಕೊಳ್ತಾನೇ ಇತ್ತು. ತೊಡೆಯ ಮೇಲಿದ್ದ ಇವರ ಕೈಯನ್ನ ನಾನು ಹಿಡಿದುಕೊಂಡೆ.

ಆಗ ಕಂಡಿತು. ಎಡಗಿವಿಯ ಅಂಚಿಗೆ, ನೂಲಿನಷ್ಟು ಸಣ್ಣಗೆ, ಆಕಾಶದ ನೀಲಿ.

"ಬೇಜಾರಾಗ್ತಿದೆ ಕಣೇ" ಅಂದರು ಇವರು, ಹೆದರಿದವರ ಹಾಗೆ.

ಮದುವೆಯಾದಾಗಿನಿಂದ ಈ ಮನುಷ್ಯ ನನಗೆ ಇಷ್ಟು ಒಳ್ಳೇ ಮಾತು ಆಡಿರಲಿಲ್ಲ. ಅಳು ಬಂತು, ನಗುವೂ ಬಂತು. ಗೋಡೆ ಹಿಡಿದು ಎದ್ದೆ. ಸೊಪ್ಪಿನ ಚೀಲ ಅವರ ಕೈಗೆ ಕೊಟ್ಟೆ. ಬಾಗಿಲು ದಾಟೋವಾಗ ಅವರು ಒಂದು ಸಲ ಕಿಟಕಿಯ ಕಡೆ ತಿರುಗಿ ನೋಡಿದರು. ನಾನು ನೋಡದವಳ ಹಾಗೆ ತೋಳು ಹಿಡಿದುಕೊಂಡು ಕುಂಟ್ತಾ ನಡೆದೆ. ಅಡುಗೆಮನೆಯಲ್ಲಿ ಬೆಳಗ್ಗೆ ತಂದ ದಂಟಿನ ಸೊಪ್ಪು ಹಾಗೇ ಇತ್ತು. ಹೇಳಲಿಲ್ಲ.